ಬಚ್ಚಲ ಬಾಯಿಯ ಹಾಗಲಬಳ್ಳಿ

ಹಾಗಲಕಾಯಿ ಕಂಡರೆ ನನಗೆ ಇವತ್ತಿಗೂ ಹೇಸಿಗೆ. ಆರೋಗ್ಯಕ್ಕೆ ಒಳ್ಳೆಯದು ಅಂತ ಯಾರಾದರೂ ಉಪದೇಶ ಶುರು ಮಾಡಿದರೆ ಮೈಯೆಲ್ಲ ಉರಿಯುತ್ತದೆ. ಅಷ್ಟು ಒಳ್ಳೆಯದಾದರೆ ಅವರೇ ತಿನ್ನಲಿ.

ಐವತ್ತರ ದಶಕದಲ್ಲಿ, ಹರವೆಯ ನಮ್ಮ ಮನೆಯ ಹಿತ್ತಿಲಲ್ಲಿ, ಬಚ್ಚಲ ನೀರು ಹೊರಗೆ ಬೀಳುವ ಜಾಗದಲ್ಲೇ ಅಪ್ಪನ ತಾಯಿ, ನಮ್ಮಜ್ಜಿ, ಹಾಗಲಬೀಜ ಊರಿದ್ದಳು. ಮನೆಮಂದಿ ಮಿಂದ ನೀರು, ಮುಸುರೆ, ಅಜ್ಜಿ ಉಗಿದ ಎಲೆಅಡಿಕೆ ಎಲ್ಲ ಅದರ ಬುಡಕ್ಕೇ. ಕೊಬ್ಬದೆ ಇರುತ್ತದೆಯೇ? ಚಪ್ಪರದ ತುಂಬ ಕಾಯಿ. ಕೊಯ್ಯುವ ಕೆಲಸ ನನ್ನ ಪಾಲಿಗೆ. ಕೆಳಗೆ ಕಪ್ಪು ಕೆಸರು ಕಾಲ್ಬೆರಳ ಸಂದಿಯಲ್ಲಿ ಪಿಚಕ್ಕನೆ ಏಳುತ್ತಿತ್ತು; ಮೇಲಿಂದ, ಹಣ್ಣಾಗಿ ಒಡೆದ ಕಾಯಿಯ ಲೋಳೆಲೋಳೆ ಕೆಂಪು ಬೀಜ ತಲೆಯ ಮೇಲೆ ಬೀಳುತ್ತಿತ್ತು. ಥೂ!

ಅದನ್ನೇ ಉಣ್ಣಬೇಕು. ಕೊರಳ ಲಿಂಗಕ್ಕೆ ತೋರಿಸಿದ ಮೇಲೆ ತಟ್ಟೆಯಲ್ಲಿರುವುದು ಪ್ರಸಾದ. ಒಂದು ಚೂರೂ ಬಿಡುವಂತಿಲ್ಲ, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ಅವ್ವ ಗುಂಡ್ಲುಪೇಟೆ ಕಡೆಯವಳು, ತವರಿನಲ್ಲಿ ಹುಣಸೆಹುಳಿಯ ಜೊತೆ ಬೆಲ್ಲ ಹಾಕಿ ಗೊಜ್ಜು ಕುದಿಸಿದವಳು. ನಾನು ವಾಕರಿಸಿದಾಗಲೆಲ್ಲ ಒಂದು ಚೂರು ಬೆಲ್ಲಕ್ಕಾಗಿ ಅಜ್ಜಿಯ ಹಿಂದೆ ಸುತ್ತುತ್ತಿದ್ದಳು. ಬೆಲ್ಲದ ಪೆಟ್ಟಿಗೆಯ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಕಹಿ ಕಹಿಯಾಗೇ ತಿಂದರೆ ರಕ್ತ ಶುದ್ಧಿಯಾಗುತ್ತದೆ ಅನ್ನುವುದು ಅವಳ ವಾದ. ತಾನು ಮಾತ್ರ ವಾಯು ಅಂತ ಮುಟ್ಟುತ್ತಿರಲಿಲ್ಲ. ಆ ಕಾಯಿಗಿಂತ ಹೆಚ್ಚು ಹೇಸಿಗೆ ನನಗೆ ಆ ವಾಯುವಿನ ಮೇಲೆ.

ಒಂದು ಸೋಮವಾರ ಮಠದ ಅಯ್ಯನೋರನ್ನು ಊಟಕ್ಕೆ ಕರೆದಿದ್ದರು. ಅಜ್ಜಿ ಪಾಯಸಕ್ಕೆ ಅಂತ ಬೆಲ್ಲ ತೆಗೆದು ಕೊಟ್ಟಳು; ಹಿತ್ತಿಲ ಹಾಗಲಕಾಯಿಯ ಗೊಜ್ಜೂ ಇರಲಿ ಅಂದಳು. ಅವ್ವ ಅಷ್ಟೂ ಬೆಲ್ಲವನ್ನು ಪಾಯಸಕ್ಕೇ ಹಾಕಿ, ಗೊಜ್ಜನ್ನು ಎಂದಿನಂತೆ ಮಾಡಿದಳು. ಅಯ್ಯನೋರು ಮೊದಲ ತುತ್ತಿಗೇ ಕಣ್ಣು ಮುಚ್ಚಿದರು. ಬಿಡುವ ಹಾಗಿಲ್ಲವಲ್ಲ ಪಾಪ, ಗುಟುಕು ಗುಟುಕು ನೀರು ಕುಡಿದು ನುಂಗಿದರು. ಹಣೆಯ ವಿಭೂತಿ ಬೆವರಿಗೆ ಇಳಿಯತೊಡಗಿತು.

“ಅಯ್ನೋರ್ಗೂ ಇಂಗೇ ಮಾಡ್ಬುಟ್ಟಾ?” ಅಂತ ಅಜ್ಜಿ ಹಲ್ಲು ಕಡಿದಳು.

ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಅಂದಳು: “ಈ ಮನೇಲಿ ಗೊಜ್ಜು ಮಾಡೋದೇ ಇಂಗೆ ಅಲ್ವಾ ಅತ್ತೆ. ಮಕ್ಳು ದಿನಾ ಉಣ್ಣೋದೂ ಇದ್ನೇ.”

ಅಯ್ಯನೋರು ನನ್ನ ಕಡೆ ನೋಡಿದರು. ತಟ್ಟೆ ತೊಳೆದ ನೀರು ಕುಡಿದು ಎದ್ದರು. ಅಜ್ಜಿ ಇಂಗು ತಿಂದ ಮಂಗನ ಹಾಗೆ ನಿಂತಿದ್ದಳು.

ಮರುದಿನ ಬೀಗದ ಕೈ ಅಡುಗೆಮನೆಯ ಗೂಡಿನಲ್ಲಿತ್ತು. ಅವ್ವ ಬೆಲ್ಲ ಕುಟ್ಟಿ ಹಾಕಿ ಗೊಜ್ಜು ಕುದಿಸಿದಳು. ಮೊದಲು ನನ್ನ ತಟ್ಟೆಗೆ ಬಡಿಸಿ ಎದುರಿಗೇ ಕೂತಳು. ಬಾಯಿಗಿಟ್ಟೆ. ಕಹಿಯ ಜೊತೆಗೆ ಸಿಹಿ ಬೇರೆ ಸೇರಿ, ಮೊದಲಿಗಿಂತಲೂ ಅಸಹ್ಯ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

“ಇನ್ನೊಂಚೂರು ಆಕವ್ವ,” ಅಂದೆ.