ಬಚ್ಚಲಿಗೆ ಸುರಿದ ಬೇಳೆಕಟ್ಟು

ಇವತ್ತು ಬೆಳಿಗ್ಗೆ ನಮ್ಮ ಹುಮನಾಬಾದಿನ ಮನೆಯ ಹಿತ್ತಲಿನಿಂದ ಬೇಳೆ ಬಸಿದ ನೀರಿನ ವಾಸನೆ ಬಂತು. ಎದ್ದು ಹೋದೆ. ನಾಲ್ಕು ದಿನ ಇದ್ದು ಹೋಗಲು ಬಂದಿರುವ ನನ್ನ ತಮ್ಮನ ಹೆಂಡತಿ ಮಹಾನಂದಾ, ಬೆಂದ ಬೇಳೆಯ ಕಟ್ಟನ್ನು ಬಚ್ಚಲಿಗೆ ಸುರಿಯುತ್ತಿದ್ದಳು. ಮನೆಯಲ್ಲಿ ಈಗ ಕಿಡ್ನಿ ಕೆಟ್ಟವರು ಯಾರೂ ಇಲ್ಲ. ತಮ್ಮ ಹೋಗಿಯೇ ವರ್ಷಗಳಾದವು. ಅವಳ ಕೈಗೆ ಮಾತ್ರ ಅದಿನ್ನೂ ಗೊತ್ತಾಗಿಲ್ಲ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ತಕರಾರು ಮಾಡಬಾರದು. ನಾನು ಗುಮಾನಿಯ ಹೆಂಗಸು. ಹಾಲಿನವನ ಹಾಲಿಗೆ ಬೆರಳು ಅದ್ದಿ ನೋಡುತ್ತೇನೆ. ತರಕಾರಿಯವಳ ತಕ್ಕಡಿಯ ಕೆಳಗೆ ಬಗ್ಗಿ ನೋಡುತ್ತೇನೆ. ಯಾರಾದರೂ ಸುಮ್ಮನೆ ನಕ್ಕರೆ, ಯಾಕೆ ನಕ್ಕರೆಂದು ಸಂಜೆಯವರೆಗೆ ತಲೆ ಕೆಡಿಸಿಕೊಳ್ಳುತ್ತೇನೆ. ನೀನು ಪೊಲೀಸ್ ಠಾಣೆ ಸೇರಬೇಕಾದವಳು, ದಾರಿ ತಪ್ಪಿ ನಮ್ಮ ಮನೆ ಸೇರಿದಿ ಎಂದು ನಮ್ಮ ಯಜಮಾನರು ಅನ್ನುತ್ತಿದ್ದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ತಮ್ಮ ಚೆನ್ನಪ್ಪನಿಗೆ ಬಸವಕಲ್ಯಾಣದಲ್ಲಿ ಬಟ್ಟೆ ಅಂಗಡಿ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ, ನಲವತ್ತು ತುಂಬುವ ಮೊದಲೇ, ಅವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆ ಗುಲಬರ್ಗಾಕ್ಕೆ ಹೋಗಬೇಕು. ಬಸ್ಸು ನಮ್ಮೂರ ಮೇಲೆಯೇ ಹಾಯುವುದರಿಂದ ನಾನು ನಿಲ್ದಾಣಕ್ಕೆ ಹೋಗಿ ಕಿಟಕಿಯಲ್ಲಿ ಅವನ ಮುಖ ನೋಡುತ್ತಿದ್ದೆ. ಪ್ರತಿ ಸಲವೂ ಇನ್ನಷ್ಟು ಇಳಿದಿರುತ್ತಿತ್ತು. ಪಕ್ಕದಲ್ಲಿ ಕೂತ ಮಹಾನಂದಾಳ ಮುಖ ಮಾತ್ರ ನನ್ನ ಕಣ್ಣಿಗೆ ದುಂಡಗೇ ಕಾಣುತ್ತಿತ್ತು.

ಒಮ್ಮೆ ಬಸವಕಲ್ಯಾಣಕ್ಕೆ ಹೋದಾಗ ಅವಳ ಅಡುಗೆ ನೋಡಿದೆ. ಆಲೂಗಡ್ಡೆ ಹೆಚ್ಚಿ ನೀರಲ್ಲಿ ನೆನೆಸಿ, ಕುದಿಸಿ, ಆ ನೀರು ಚೆಲ್ಲಿದಳು. ಪಲ್ಯದ ಸೊಪ್ಪಿಗೂ ಅದೇ ಗತಿ. ಕೊನೆಗೆ ಬೇಳೆಯ ಕಟ್ಟನ್ನೂ ಚೆಲ್ಲಿದಳು! ನಮ್ಮ ಕಡೆ ಕಟ್ಟು ಅಂದರೆ ಬೇಳೆಯ ಜೀವ. ಜ್ವರ ಬಿಟ್ಟೆದ್ದವರಿಗೆ ಮೊದಲು ಕೊಡುವುದೇ ಅದನ್ನು. ಗಂಡನಿಗೆ ಚರಟ ಬಡಿಸಿ ಜೀವವನ್ನು ಬಚ್ಚಲಿಗೆ ಸುರಿಯುವ ಹೆಂಗಸಿಗೆ ಏನನ್ನಬೇಕು? ಡಾಕ್ಟರು ಹೇಳಿದ್ದಾರೆ ಅಂದಳು. ಡಾಕ್ಟರು ಹೇಳಿದ್ದೆಷ್ಟು, ಇವಳು ಸೇರಿಸಿದ್ದೆಷ್ಟು ಎಂದು ನಾನು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದೆ.

ಅಷ್ಟರಲ್ಲಿ ಮಂಠಾಳದ ಅವಳ ತವರಿನಲ್ಲಿ ಅಣ್ಣನ ಕೂಸಿನ ತೊಟ್ಟಿಲ ಕಾರ್ಯ ಬಂತು. ಎರಡು ದಿನದ ಮಟ್ಟಿಗೆ ಚೆನ್ನಪ್ಪನನ್ನು ನನ್ನ ಮನೆಯಲ್ಲಿ ಬಿಟ್ಟು, ಏನು ಕೊಡಬೇಕು, ಏನು ಕೊಡಬಾರದು ಎಂದು ಬರೆದ ಚೀಟಿಯನ್ನೂ ಕೊಟ್ಟು ಹೋದಳು. ಚೀಟಿಯನ್ನು ಸಕ್ಕರೆ ಡಬ್ಬಿಯ ಕೆಳಗೆ ಇಟ್ಟೆ. ಹೋಳಿಗೆ ಮಾಡಿದೆ, ಬಟ್ಟಲು ಬಟ್ಟಲು ಕಟ್ಟಿನ ಸಾರು ಬಡಿಸಿದೆ. ಹೊತ್ತು ಹೊತ್ತಿಗೆ ಎಳನೀರು, ಮೇಲೆ ಬಾಳೆಹಣ್ಣು. ಅವನು ಬೇಡ ಬೇಡ ಎನ್ನುತ್ತಲೇ ಉಂಡ. ಊಟಕ್ಕೆ ರುಚಿ ಇರುತ್ತದೆಂಬುದೇ ಮರೆತುಹೋಗಿತ್ತು ಅಂದ. ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಕೋರ್ಟಿನಲ್ಲಿ ಖಟ್ಲೆ ಗೆದ್ದಷ್ಟು ಸಂತೋಷವಾಗಿತ್ತು ನನಗೆ.

ಮೂರನೆಯ ಬೆಳಿಗ್ಗೆ ಅವನಿಗೆ ಕಾಲು ಎತ್ತಲಾಗಲಿಲ್ಲ. ಗುಲಬರ್ಗಾಕ್ಕೆ ಕರೆದೊಯ್ಯಲೆಂದು ಬಂದ ಮಹಾನಂದಾ ಒಂದು ಸಲ ನಾಡಿ ಹಿಡಿದವಳೇ ಜೀಪು ತರಿಸಿದಳು. ನಾನೂ ಜೊತೆಗೆ ಹತ್ತಿದೆ. ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ, ಹೊರಬಂದ ಕಾಗದದ ಪಟ್ಟಿ ನೋಡುತ್ತಿದ್ದಂತೆ ಡಾಕ್ಟರ ಮುಖ ಬದಲಾಯಿತು. ಕಟ್ಟು, ಎಳನೀರು, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಇರುತ್ತದಂತೆ. ಕೆಟ್ಟ ಕಿಡ್ನಿ ಅದನ್ನು ಹೊರಗೆ ಹಾಕಲಾರದು. ಅದು ರಕ್ತದಲ್ಲೇ ಏರಿ ಎದೆಬಡಿತವನ್ನೇ ನಿಲ್ಲಿಸಿಬಿಡುತ್ತದಂತೆ. ಏನು ತಿಂದಿರಿ ಎಂದು ಕೇಳಿದರು. ಚೆನ್ನಪ್ಪ ನನ್ನ ಕಡೆ ಒಮ್ಮೆ ನೋಡಿದ.

“ಮಧ್ಯಾಹ್ನ ಅಕ್ಕ ಮಲಗಿದಾಗ ಬಸ್‌ಸ್ಟ್ಯಾಂಡ್ ಕಡಿ ಹೋಗಿದ್ದೆರಿ. ಹೋಟೆಲ್‌ದಾಗ ಉಂಡೆ, ಎಳನೀರು ಕುಡದೆ. ಅಕ್ಕಗ ಗೊತ್ತಿಲ್ರಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗಾದರೂ ಅಷ್ಟಿಷ್ಟು ನಾಚಿಕೆ ಇರುತ್ತದೆ. ನಾನು ಹೆಗಲೂ ಮುಟ್ಟಿಕೊಳ್ಳಲಿಲ್ಲ. ತಕ್ಷಣ ಡಯಾಲಿಸಿಸ್ ಮಾಡಿ ಅವನನ್ನು ಉಳಿಸಿಕೊಂಡರು. ನಿಜ ಹೇಳಿಬಿಡುತ್ತೇನೆ ಎಂದು ಒಬ್ಬನೇ ಸಿಕ್ಕಾಗ ನಾನು ಅಂದರೆ, ಅವನು ಒಪ್ಪಲಿಲ್ಲ.

“ನನ್ನ ಮ್ಯಾಲಿನ ಶಕ್ ನಾಕು ದಿನದಾಗ ಹೋಗ್ತದ ಅಕ್ಕಾ. ನಿನ್ನ ಮ್ಯಾಲ ಬಂತಂದ್ರ ನಿನಗ ತವರಮನಿ ಬಾಗಲಾ ಮುಚ್ತದ.”

ಮಹಾನಂದಾಳ ಗುಮಾನಿ ನಾಲ್ಕು ದಿನದಲ್ಲಿ ಹೋಗಲಿಲ್ಲ. ಮರುವರ್ಷ ನಮ್ಮವ್ವ ತನ್ನ ಕಿಡ್ನಿ ಕೊಟ್ಟಳು, ಅವನ ಮುಖಕ್ಕೆ ಕಳೆ ಬಂತು. ಕಿಡ್ನಿ ಬದಲಾದರೂ ಇಷ್ಟು ದಿನ ಏಟು ತಿಂದ ಎದೆ ಹಳೆಯದೇ, ಉಪ್ಪು ಕಡಿಮೆ ಇರಲಿ, ದಿನಾ ನಡೆಯಿರಿ ಎಂದು ಡಾಕ್ಟರು ಎಚ್ಚರಿಸಿದ್ದರು. ಮಹಾನಂದಾ ಅವನನ್ನು ಒಬ್ಬನೇ ನಡೆಯಲು ಬಿಡಲಿಲ್ಲ. ಕೋಟೆಯವರೆಗೆ ಹತ್ತು ಹೆಜ್ಜೆ ಹಿಂದೆ ಇವಳೂ ಹೋಗುತ್ತಿದ್ದಳು. ಜೇಲರ್ ಬಂದ್ರು ಎಂದು ಅವನ ಗೆಳೆಯರು ನಗುತ್ತಿದ್ದರು. ಅಂಗಡಿಯ ಕಟ್ಟೆಯ ಮೇಲೆ ಗೆಳೆಯರೊಡನೆ ಹರಟೆ ಹೊಡೆಯುವುದು ಅವನಿಗೆ ಪ್ರಾಣ. ಮಿರ್ಚಿಭಜಿ ತರಿಸುತ್ತಾರೆಂದು ಅದನ್ನೂ ಬಿಡಿಸಿದಳು. ಅವನು ಬಿಟ್ಟ. ಹೀಗೆ ಎಂಟು ವರ್ಷ ಬಾಳಿದ. ಒಂದು ಮುಂಜಾನೆ ಅಂಗಡಿಯ ಶಟರ್ ಎತ್ತುವಾಗ ಎದೆ ಹಿಡಿದುಕೊಂಡು ಕುಸಿದ, ಮತ್ತೆ ಏಳಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಮಹಾನಂದಾ ಒಂದೇ ಮಾತು ಹೇಳುತ್ತಿದ್ದಳು: ನಾಲಿಗೆ ಚಪಲ ಅವರನ್ನು ಕೊಂಡುಹೋಯಿತು, ಅವತ್ತು ಕದ್ದು ತಿಂದವರು ಆಮೇಲೂ ತಿಂದಿರಬೇಕು. ಪಕ್ಕದಲ್ಲೇ ಕೂತು ಕೇಳಿದೆ. ಇಷ್ಟು ವರ್ಷ ಕೇಳುತ್ತಲೇ ಬಂದೆ. ಊರಿನ ಮೇಲೆಲ್ಲ ಗುಮಾನಿ ಪಡುವವಳಿಗೆ ತನ್ನ ವಿಷಯ ಬಂದಾಗ ನಾಲಿಗೆ ಏಳುವುದಿಲ್ಲ.

ಇವತ್ತು, ಬಚ್ಚಲ ಮುಂದೆ, ಹೇಳಿಬಿಟ್ಟೆ. ಅವನು ಹೋಟೆಲಿಗೆ ಹೋಗಿರಲಿಲ್ಲ, ಉಣಿಸಿದವಳು ನಾನು, ನನ್ನನ್ನು ಉಳಿಸಲು ಅವನು ಸುಳ್ಳು ಹೇಳಿದ ಎಂದು. ಅವಳು ಬೈದರೆ ಬೈಸಿಕೊಳ್ಳಲು ತಯಾರಾಗಿಯೇ ನಿಂತಿದ್ದೆ. ಅವಳು ಪಾತ್ರೆ ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ದಿನಾ ಅಂಗಿ ಒಗ್ಯಾಕ ಹಾಕೋ ಮುಂದ ಅವರ ಕಿಸೆ ನೋಡ್ತಿದ್ದೆ ಅಕ್ಕಾ. ಎಂಟು ವರ್ಷದಾಗ ಒಂದು ಶೇಂಗಾ ಸಿಪ್ಪಿ ಸುದ್ದಾ ಸಿಗಲಿಲ್ಲ. ಭಾಳ ಶಾಣ್ಯಾ ಅದಾರ, ಕಿಸೆ ಝಾಡಿಸಿ ಬಂದಾರ ಅಂತಿದ್ದೆ.”

ಅಷ್ಟು ಹೇಳಿ ಒಳಗೆ ಹೋದಳು. ನಾನಿನ್ನೂ ಬಚ್ಚಲ ಕಟ್ಟೆಯ ಮೇಲೇ ಕೂತಿದ್ದೇನೆ. ಒಳಗೆ ಅವಳು ಏನು ಮಾಡುತ್ತಿದ್ದಾಳೆಂದು ಎದ್ದು ನೋಡಿಲ್ಲ.