ಒಣಗದ ಬಿಲ್ಲೆ

ಕಾಲೇಜಿನ ಪ್ರಯೋಗಶಾಲೆಯಲ್ಲಿ ಅವಳ ಕೆಲಸ ಗಾಜಿನ ತಟ್ಟೆ ತೊಳೆಯುವುದು, ಎಲೆ ಅರೆಯುವುದು, ಅರೆದದ್ದನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಸೋಸುವುದು. ಮನೆಯವರ ಮುಂದೆ ಮಾತ್ರ ಅದು ಸಂಶೋಧನೆ. ಅಣ್ಣನಂತೂ ತಂಗಿಯನ್ನು ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದ, ಅವಳು ಒಮ್ಮೆಯೂ ಅಲ್ಲಗಳೆಯಲಿಲ್ಲ. ಪುಕ್ಕಟೆ ಸಿಗುವ ಮರ್ಯಾದೆ ಯಾರಿಗೆ ಬೇಡ?

ಯಾವ ಆ್ಯಂಟಿಬಯಾಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾವನ್ನು ಎಲೆಯ ರಸ ಕೊಲ್ಲುತ್ತದೆಯೇ ಎಂದು ನೋಡುವುದು ಪ್ರಯೋಗಶಾಲೆ ನಡೆಸುವ ಮೇಡಂ ಹಿಡಿದ ಕೆಲಸ. ರಸದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿಡುತ್ತಾರೆ. ರಸಕ್ಕೆ ಕಸುವಿದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ತಿಳಿಯಾದ ಉಂಗುರ ಮೂಡುತ್ತದೆ. ಇಡುವ ಮೊದಲು ಬಿಲ್ಲೆ ಒಣಗಿ ಸ್ಪಿರಿಟ್ಟು ಆರಿಹೋಗಿರಬೇಕು, ಅಷ್ಟೆ. ಅವತ್ತು ಅವಳಿಗೆ ಮನೆಗೆ ಹೊರಡುವ ಆತುರ. ಹಸಿ ಬಿಲ್ಲೆಗಳನ್ನೇ ಇಟ್ಟುಬಿಟ್ಟಳು.

ಮರುದಿನ ತಟ್ಟೆ ತುಂಬ ಉಂಗುರ! ಇವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಣ್ಣನಿಗೆ ಫೋನ್ ಮಾಡಿ, "ಯಾವ ಔಷಧಿಗೂ ಸಾಯದ್ದು ನಮ್ಮ ಎಲೆಗೆ ಸತ್ತೋಯ್ತು," ಎಂದಳು. ಬೇಲಿಯಲ್ಲಿ ಸಿಗುವ ಆ ಎಲೆ ಯಾವುದೆಂದೂ ಹೇಳಿದಳು. ಅಣ್ಣನ ಕಾಲಲ್ಲಿ ಅಂಥದ್ದೇ ಹಟಮಾರಿ ಹುಣ್ಣಿತ್ತು, ಆಸ್ಪತ್ರೆಯಲ್ಲಿ ಇಂಜೆಕ್ಷನ್ ನಡೆಯುತ್ತಿತ್ತು.

ಆಮೇಲೆ ಮೇಡಂ ತಾವೇ ಬಿಲ್ಲೆ ಒಣಗಿಸಿ ಇಟ್ಟು ನೋಡಿದರು. ಉಂಗುರವೇ ಇಲ್ಲ. ಎಲೆಯ ಹನಿಯೂ ಸೋಕದ, ಬರೀ ಸ್ಪಿರಿಟ್ಟಿನ ಹಸಿ ಬಿಲ್ಲೆ ಇಟ್ಟರೆ ಅದೇ ಉಂಗುರ! ಇವಳು ತಲೆ ತಗ್ಗಿಸಿ ತಪ್ಪೊಪ್ಪಿಕೊಂಡಳು.

"ಹೋಗ್ಲಿ ಬಿಡಿ, ಹೊರಗೆ ಯಾರಿಗೂ ಹೇಳಿರ್ಲಿಲ್ಲವಲ್ಲ," ಎಂದರು ಮೇಡಂ. ಇವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಕೈಯಲ್ಲಿದ್ದ ಕೆಲಸ ಬಿಟ್ಟವಳೇ ಅಣ್ಣನ ಮನೆಗೆ ಓಡಿದಳು. ಇಂಜೆಕ್ಷನ್ ನಿಲ್ಲಿಸಿ ಎಲೆ ಅರೆದು ಕಟ್ಟಿದ್ದರು. ಪಾದ ಕಣಕಾಲಿನವರೆಗೂ ಊದಿತ್ತು, ಕೋಣೆಯಲ್ಲಿ ಕೆಟ್ಟ ವಾಸನೆ. ಅತ್ತಿಗೆ ನಗುನಗುತ್ತ ಟೀ ಮಾಡಲು ಒಳಗೆ ಹೋದಳು.

"ಅಣ್ಣಾ, ಎಲೆ ಬಿಚ್ಚು. ಆಸ್ಪತ್ರೆಗೆ ಹೋಗೋಣ. ಅದು ಕೆಲಸ ಮಾಡಲ್ಲ."

"ನಿಮ್ಮ ಮೇಡಂ ಹೊಟ್ಟೆಕಿಚ್ಚಿಗೆ ಹಾಗಂದ್ರಾ? ನೀನು ಕಂಡುಹಿಡಿದದ್ದು ತಪ್ಪಾಗಲ್ಲ, ಸುಮ್ನಿರು."

ಆ ನಂಬಿಕೆಯನ್ನು ಮುರಿಯದೆ ಅವನ ಕಾಲು ಉಳಿಯುವಂತಿರಲಿಲ್ಲ. ನಾಚಿಕೆಯಿಂದ ಅವಳ ಮೈಯೆಲ್ಲ ಹಿಡಿಯಾಯಿತು.

"ನಾನು ಕಂಡುಹಿಡಿಯೋಳಲ್ಲ ಅಣ್ಣಾ. ಅಲ್ಲಿ ತಟ್ಟೆ ತೊಳೀತೀನಿ. ಇಷ್ಟು ವರ್ಷ ಬರೀ ಬಡಾಯಿ ಕೊಚ್ಚಿದೆ. ಅದನ್ನ ಕೊಂದಿದ್ದು ಎಲೆಯಲ್ಲ, ಸ್ಪಿರಿಟ್ಟು. ಒಣಗಿಸ್ದೆ ಇಟ್ಟೋಳು ನಾನೇ."

ಅಣ್ಣ ತಾನೇ ಬಗ್ಗಿ ಬಟ್ಟೆ ಬಿಚ್ಚತೊಡಗಿದ. ಅತ್ತಿಗೆ ಬರುವ ಸದ್ದಾದಾಗ ದನಿ ತಗ್ಗಿಸಿ, "ಇದನ್ನೆಲ್ಲ ಅವಳ ಮುಂದೆ ಆಡ್ಬೇಡ. ನಿನ್ನನ್ನ ಕೇವಲವಾಗಿ ನೋಡ್ತಾಳೆ. ನಂಗೇ ಎಲೆ ಸಾಕಾಯ್ತು ಅಂತೀನಿ," ಎಂದ.

ಅವನು ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು.

ಅಣ್ಣ ಹಾಗೆಯೇ ಹೇಳಿದ. ಅತ್ತಿಗೆ ಲೋಟಗಳನ್ನು ಕುಕ್ಕಿ ಅವನನ್ನೇ ತರಾಟೆಗೆ ತೆಗೆದುಕೊಂಡಳು: "ನಿಮ್ಮ ತಂಗಿ ಅಷ್ಟು ಕಷ್ಟಪಟ್ಟು ಕಂಡುಹಿಡಿದಿದ್ದಾಳೆ, ನಿಮಗೆ ನಾಲ್ಕು ದಿನ ತಾಳ್ಮೆ ಇಲ್ವಾ?"

ಅಣ್ಣ ತಲೆ ತಗ್ಗಿಸಿ ಬೈಸಿಕೊಂಡ. ತಂಗಿ ಆಗಲೂ ಬಾಯಿ ಬಿಡಲಿಲ್ಲ.