ಹೊಂಗೆ ಎಲೆಯ ಬೆಳ್ಳಿ ಮತ್ತು ನಮ್ಮ ರಂಜನಾ ಮೇಡಂ

ಸಸ್ಯರಸದಿಂದ ಲೋಹದ ನ್ಯಾನೊ ಕಣಗಳನ್ನು ತಯಾರಿಸುವ ವಿದ್ಯೆಯನ್ನು ಹಲಸೂರಿನ ಒಂದು ಸಾಧಾರಣ ಕಾಲೇಜಿಗೆ ತಂದು, ಅಲ್ಲಿಯ ಅಂಗಳದ ಹೊಂಗೆ ಮರದ ಎಲೆಗಳಿಂದಲೇ ಅದನ್ನು ಮಾಡಿ ತೋರಿಸಿ, ಹಸಿರು ರಸಾಯನಶಾಸ್ತ್ರವೆಂದರೆ ಏನೆಂದು ಎರಡು ತಲೆಮಾರಿನ ವಿದ್ಯಾರ್ಥಿಗಳಿಗೆ ತಿಳಿಸಿಕೊಟ್ಟವರು ಡಾ. ವಿ. ರಂಜನಾ ಅವರು. ಮೂವತ್ತನಾಲ್ಕು ವರ್ಷಗಳ ಸೇವೆಯ ನಂತರ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಇಷ್ಟು ವಿದ್ವತ್ತು ಉಳ್ಳವರು ಪ್ರಾಧ್ಯಾಪಕಿಯಾಗದೆ, ಸಹ ಪ್ರಾಧ್ಯಾಪಕಿಯಾಗಿಯೇ ಏಕೆ ನಿವೃತ್ತರಾಗುತ್ತಿದ್ದಾರೆಂದು ಈ ಅಭಿನಂದನಾ ಸಂಪುಟದ ಓದುಗರು ಕೇಳಬಹುದು. ಅದಕ್ಕೆ ಕಾರಣ ನಾನು.

ನಾನು ಕೆ.ಆರ್. ಪುರದ ಆಚೆಯ ಹಳ್ಳಿಯೊಂದರ ಚಿಕ್ಕಮುನಿಯಪ್ಪನವರ ಮಗಳು. ಎಂ.ಎಸ್ಸಿ. ಮುಗಿದಾಗ ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಒಂದು ಭಾನುವಾರ ಮೇಡಂ ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದರು. ಅವರಿಗೆ ನೀರು ಕೊಡಬಹುದೋ ಬಾರದೋ ಎಂದು ನಮ್ಮಮ್ಮ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದಾಗ, ಮೇಡಂ ತಾವೇ ಎದ್ದು ಹೋಗಿ ಆ ಚೊಂಬನ್ನು ತೆಗೆದುಕೊಂಡು ಕುಡಿದರು. ಮಧ್ಯಾಹ್ನ ಮುದ್ದೆ ಉಂಡೇ ಹೊರಟರು. ಹೊರಡುವ ಮೊದಲು ಅಪ್ಪನಿಗೆ, "ನಿಮ್ಮ ಮಗಳ ಕೈ ತುಂಬಾ ಶುದ್ಧ ರೀ. ಪ್ರಯೋಗದಲ್ಲಿ ಅಂಥ ಕೈ ಸಿಗೋದು ಕಷ್ಟ" ಎಂದರು. ಆ ಮಾತಿನ ಮೇಲೆ ಅಪ್ಪ ನನ್ನನ್ನು ಸಂಶೋಧನೆಗೆ ಕಳಿಸಿದರು.

ನಮ್ಮ ಕೆಲಸ ನೋಡಲು ಸರಳವಾಗಿತ್ತು. ಹೊಂಗೆ ಎಲೆಯನ್ನು ತೊಳೆದು, ಕುದಿಸಿ, ಸೋಸಿ, ಆ ರಸವನ್ನು ಬೆಳ್ಳಿ ನೈಟ್ರೇಟಿನ ತಿಳಿಯಾದ ದ್ರಾವಣಕ್ಕೆ ಬೆರೆಸಬೇಕು. ಎಲೆಯೊಳಗಿನ ಸತ್ವಗಳಿಂದ ಬೆಳ್ಳಿಯ ಸೂಕ್ಷ್ಮ ಕಣಗಳು ಹುಟ್ಟಿದರೆ ದ್ರಾವಣ ಮೊದಲು ಹಳದಿಗೂ ಆಮೇಲೆ ಕಂದು ಬಣ್ಣಕ್ಕೂ ತಿರುಗುತ್ತದೆ. ಇದೇ ಕೆಲಸವನ್ನು ಸೋಡಿಯಂ ಬೋರೋಹೈಡ್ರೈಡ್ ಎಂಬ ಉಗ್ರ ರಾಸಾಯನಿಕ ಕ್ಷಣದಲ್ಲಿ ಮಾಡುತ್ತದೆ. ಅದನ್ನು ಬಿಟ್ಟು ಎಲೆಯಿಂದಲೇ ಮಾಡುವುದು ನಮ್ಮ ಗುರಿ. "ನಾವು ಸುರಿಯೋ ವಿಷ ಕೊನೆಗೆ ಯಾರದೋ ಕುಡಿಯೋ ನೀರಿಗೇ ಹೋಗೋದು, ಯಮುನಾ" ಎಂದು ಮೇಡಂ ಹೇಳುತ್ತಿದ್ದರು. ಅಟೆಂಡರ್ ಪಿಳ್ಳಪ್ಪನವರು ಬೆಳಿಗ್ಗೆ ಎಲೆ ಕಿತ್ತು ತಂದರೆ, ಅವರೊಂದಿಗೆ ಕುಳಿತು ಹುಳ ಹಿಡಿದ ಎಲೆಗಳನ್ನು ಬೇರ್ಪಡಿಸುವುದು ಮೇಡಂ ಅವರ ಮೊದಲ ಕೆಲಸ.

ವರ್ಷವಿಡೀ ಎಲ್ಲ ಋತುಗಳ ಎಲೆಯೂ ಒಂದೇ ರೀತಿ ಕೆಲಸ ಮಾಡುತ್ತದೆಂದು ತೋರಿಸಿದರೆ ಮಾತ್ರ ನಮ್ಮ ಪ್ರಬಂಧವನ್ನು ಪ್ರಕಟಿಸುವುದಾಗಿ ಸಂಶೋಧನಾ ಪತ್ರಿಕೆಯವರು ತಿಳಿಸಿದ್ದರು. ಮಾರ್ಚಿನಲ್ಲಿ ಹೊಂಗೆ ತನ್ನ ಹಳೆಯ ಎಲೆ ಉದುರಿಸಿ ಚಿಗುರಿತು. ಚಿಗುರಿನ ರಸಕ್ಕೆ ಬಣ್ಣ ಬರಲಿಲ್ಲ. ಹನ್ನೊಂದು ಸಲ ಮಾಡಿದೆ, ಬರಲಿಲ್ಲ. ನನ್ನ ಫೆಲೋಶಿಪ್ಪಿನ ಅವಧಿ ಮುಗಿಯುತ್ತ ಬಂದಿತ್ತು. ಬರಿಗೈಯಲ್ಲಿ ಊರಿಗೆ ಹಿಂದಿರುಗುವ ಭಯ ನನ್ನನ್ನು ಹಿಡಿದಿತ್ತು. ಮೇಡಂ ತರಗತಿಗೆ ಹೋಗಿದ್ದಾಗ ಬೋರೋಹೈಡ್ರೈಡಿನ ಎರಡು ಹನಿ ಹಾಕಿದೆ. ದ್ರಾವಣ ಒಡನೆಯೇ ಹಳದಿಯಾಯಿತು. ಹಿಂದಿರುಗಿದ ಮೇಡಂ ಅದನ್ನು ಬೆಳಕಿಗೆ ಹಿಡಿದು, ಮಗುವಿನಂತೆ ನಕ್ಕರು.

ಪ್ರಬಂಧ ಪ್ರಕಟವಾಯಿತು. ಎಷ್ಟೋ ಕಡೆ ಮೇಡಂ ಅವರನ್ನು ಉಪನ್ಯಾಸಕ್ಕೆ ಕರೆದರು. ಎರಡು ವರ್ಷದ ಬಳಿಕ ಬೇರೆ ಊರಿನ ಸಂಶೋಧಕರಿಂದ, ಚಿಗುರೆಲೆಯಿಂದ ತಮಗೆ ಕಣಗಳು ಬರುತ್ತಿಲ್ಲವೆಂಬ ವಿನಯದ ಪತ್ರವೊಂದು ಬಂತು. ಮೇಡಂ ಮೂರು ವಾರ ತಾವೇ ನಿಂತು ಪ್ರಯೋಗ ಮಾಡಿ ನೋಡಿ, ನನ್ನನ್ನು ಕರೆದರು.

"ಎಲೆ ಬಿಟ್ಟು ಬೇರೆ ಏನಾದ್ರೂ ಹಾಕಿದ್ಯಾ?"

"ಇಲ್ಲ ಮೇಡಂ."

ಅವರು ಮತ್ತೆ ಕೇಳಲಿಲ್ಲ. ಎರಡು ದಿನ ತಡೆದುಕೊಂಡು, ಮೂರನೆಯ ದಿನ ಕುಕ್ ಟೌನಿನ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿನ್ನ ಪಿಎಚ್‌.ಡಿ. ಥೀಸಿಸ್‌ನಿಂದ ಆ ಅಧ್ಯಾಯ ತೆಗೆದುಹಾಕು. ಇನ್ನೆರಡು ವರ್ಷ ಆಗ್ಲಿ, ಮೊದಲಿಂದ ಮಾಡು" ಎಂದರು. ಅದೇ ವಾರ ಪ್ರಬಂಧವನ್ನು ಹಿಂತೆಗೆದುಕೊಂಡು, ತಪ್ಪಿನ ಹೊಣೆ ಸಂಪೂರ್ಣವಾಗಿ ತಮ್ಮದೇ ಎಂದು ಬರೆದುಕೊಟ್ಟರು. ವಿಚಾರಣಾ ಸಮಿತಿಯ ಮುಂದೆಯೂ ನನ್ನ ಹೆಸರು ಹೇಳಲಿಲ್ಲ. ಅವರ ಬಡ್ತಿ ನಿಂತಿತು. ಐದು ವರ್ಷ ಹೊಸ ಸಂಶೋಧನಾ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಾರದೆಂದು ಆದೇಶವಾಯಿತು.

ಆ ವರ್ಷ ಅವರ ಬಳಿ ಸೇರಬೇಕಿದ್ದವನು ಸೈಫ್. ನಮ್ಮ ಕಾಲೇಜಿನಲ್ಲಿ ನಾನು ಕಂಡ ಅತ್ಯಂತ ಚುರುಕಾದ ವಿದ್ಯಾರ್ಥಿ ಅವನು. ಬೇರೆ ಮಾರ್ಗದರ್ಶಕರು ಸಿಗದೆ, ರಸೆಲ್ ಮಾರುಕಟ್ಟೆಯ ತಂದೆಯ ಹಣ್ಣಿನಂಗಡಿಯಲ್ಲಿ ಕುಳಿತ. ನಾನು ಪಿಎಚ್‌.ಡಿ. ಪಡೆದು ಅಧ್ಯಾಪಕಿಯಾದೆ.

ಈ ಲೇಖನಕ್ಕೆ ಆಹ್ವಾನ ಬಂದಾಗ ಮೊದಲು ಅವನ ಅಂಗಡಿಗೆ ಹೋದೆ. ನಡೆದುದನ್ನೆಲ್ಲ ನನ್ನ ಬಾಯಿಂದ ಕೇಳಿದ ಮೇಲೆ ಸೈಫ್ ಒಂದೇ ಪ್ರಶ್ನೆ ಹಾಕಿದ.

"ಮೇಡಂಗೆ ಗೊತ್ತಿತ್ತಾ, ಅಕ್ಕಾ?"

"ಗೊತ್ತಿತ್ತು."

"ಅವರೇ ಮೋಸ ಮಾಡಿದ್ರು ಅನ್ಕೊಂಡಿದ್ದೆ. ಇಲ್ಲಿಗೆ ಹಣ್ಣು ತಗೊಳ್ಳೋಕೆ ಬಂದ್ರೆ ಮುಖ ತಿರುಗಿಸ್ಕೊಂಡ್ಬಿಡ್ತಿದ್ದೆ. ಆದ್ರೂ ಬರ್ತಿದ್ರು." ಹಣ್ಣಿನ ಬುಟ್ಟಿಯತ್ತ ತಿರುಗಿ ಹೇಳಿದ: "ನೀವೀಗ ಹೋಗಿ, ಅಕ್ಕ."

ವಿಶ್ವವಿದ್ಯಾಲಯಕ್ಕೂ ನಾನು ಕೆಲಸ ಮಾಡುವ ಕಾಲೇಜಿಗೂ ಎಲ್ಲವನ್ನೂ ಬರೆದು ತಿಳಿಸಿದ್ದೇನೆ. ಅವರ ತೀರ್ಮಾನ ಇನ್ನೂ ಬಂದಿಲ್ಲ. ಈ ಲೇಖನದ ಕರಡನ್ನು ಮೇಡಂ ಅವರಿಗೆ ಓದಿ ಹೇಳಿದಾಗ ಅವರ ಕಣ್ಣು ತುಂಬಿತು. "ನನ್ನ ಬಗ್ಗೆ ಬರೀ ಒಳ್ಳೇದೇ ಬರೆದಿದ್ದೀಯ. ನಿನ್ನ ಒಬ್ಬಳನ್ನ ಉಳಿಸೋಕೆ ಹೋಗಿ, ಆ ಹುಡುಗನಿಗೆ ನಾನು ಕಾರಣಾನೇ ಹೇಳಲಿಲ್ಲ. ಅದು ನನ್ನ ತಪ್ಪು. ಅದನ್ನೂ ಬರಿ" ಎಂದರು. ಅವರ ಮಾತಿನಂತೆ ಬರೆದಿದ್ದೇನೆ.

ಕಳೆದ ವಾರ ಮೇಡಂ ಅವರ ಮನೆಗೆ ಸೈಫ್ ಹೋಗಿದ್ದನಂತೆ. ಏನು ಮಾತಾಯಿತೆಂದು ಇಬ್ಬರೂ ನನಗೆ ಹೇಳಿಲ್ಲ. ಕೇಳುವ ಅಧಿಕಾರ ನನಗಿಲ್ಲ. ನಿವೃತ್ತಿಯ ನಂತರ, ಹೊಂಗೆಯ ಚಿಗುರು ಏಕೆ ಬೆಳ್ಳಿಯನ್ನು ಮುಟ್ಟುವುದಿಲ್ಲವೆಂಬುದನ್ನು ಹನ್ನೆರಡು ತಿಂಗಳೂ ಪರೀಕ್ಷಿಸಿ ಬರೆಯುವುದಾಗಿ ಮೇಡಂ ಹೇಳಿದ್ದಾರೆ. ಆ ಕೆಲಸಕ್ಕೆ ಬೇಕಾದಷ್ಟು ಆಯುಸ್ಸು, ಆರೋಗ್ಯ ಅವರಿಗಿರಲಿ. ಅವರು ಬರೆಯುವ ಆ ಪ್ರಬಂಧದಲ್ಲಿ ಜೊತೆಗಾರನ ಹೆಸರು ಸೈಫ್‌ನದಾಗಿರಲಿ ಎಂದು ಹಾರೈಸುತ್ತೇನೆ.